ಇಂಜಿನ್ ಬಾವಿಯ ದಂಡೆಯಲ್ಲಿ ಬೀರಕ್ಕ

ಬೆಳಗಿನ ಐದು ಮುಕ್ಕಾಲು ಗಂಟೆ. ತೆಲುಗು ನಾಡಿನ ಗಡಿಯಲ್ಲಿರುವ ಬ್ರಹ್ಮಸಮುದ್ರ ಮಂಡಲದ ಹೊಲವೊಂದರ ಬಾವಿಯ ಸುತ್ತ ನಲವತ್ತು ಜನ ಸೇರಿದ್ದಾರೆ. ಯಾರೋ ಲಾಟೀನಿಗೆ ಹಗ್ಗ ಕಟ್ಟಿ ಕೆಳಕ್ಕೆ ಬಿಟ್ಟಿದ್ದಾರೆ. ಅದು ಅಲುಗಾಡದೆ ಉರಿಯುತ್ತಿದೆ. ಆ ಬೆಳಕಿನಲ್ಲಿ, ನಲವತ್ತು ಅಡಿ ಕೆಳಗೆ, ಕಲ್ಲುಕಟ್ಟೆಯ ಮೇಲೆ ಕೂರಿಸಿದ ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ಕೊಂಡಪ್ಪ ಎಂಬ ಮೂವತ್ತರ ಪ್ರಾಯದ ರೈತ ಮಗ್ಗುಲಾಗಿ ಬಿದ್ದಿರುವುದು ಕಾಣುತ್ತದೆ. ಎಣ್ಣೆ ಮುಗಿದು ನಿಂತ ಇಂಜಿನ್ನಿಗೆ ಡೀಸೆಲ್ ಹಾಕಲು ನಸುಕಿನಲ್ಲಿ ಇಳಿದವನು ಮೇಲೆ ಬಂದಿಲ್ಲ.

ಅವನ ತಮ್ಮ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಇಳಿಯಲು ನಿಂತಿದ್ದಾನೆ. ಆದರೆ ಇಳಿಯಲಾಗುತ್ತಿಲ್ಲ. ಹಗ್ಗದ ಇನ್ನೊಂದು ತುದಿಯ ಮೇಲೆ ಒಬ್ಬ ಹೆಂಗಸು ಕೂತುಬಿಟ್ಟಿದ್ದಾಳೆ. ಸೆರಗು ಸೊಂಟಕ್ಕೆ ಬಿಗಿದಿದೆ, ಎರಡೂ ಪಾದ ದಂಡೆಯ ಕಲ್ಲಿಗೆ ಒತ್ತಿವೆ. ವಯಸ್ಸು ನಲವತ್ತೆಂಟು, ಹೆಸರು ಬೀರಕ್ಕ. ಪಕ್ಕದ ಊರಿನ ಕೂಲಿ ಹೆಂಗಸು. ಬಾವಿಗೆ ಬಿದ್ದವರನ್ನು ಎತ್ತುವ ಐದು ಜನರ ತಂಡಕ್ಕೆ ಅವಳೇ ಹಿರಿಯಳು.

ಗುಂಪು ತೆಲುಗಿನಲ್ಲೂ ಕನ್ನಡದಲ್ಲೂ ಅವಳನ್ನು ಬೈಯುತ್ತಿದೆ. ದೀಪ ಉರಿಯುತ್ತಿದೆ ಎಂದರೆ ಒಳಗೆ ಗಾಳಿ ಸರಿಯಿದೆ ಎಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಕೊಂಡಪ್ಪನ ತಮ್ಮ ಅದನ್ನೇ ಹೇಳುತ್ತಾನೆ.

"ದೀಪ ಉರೀತೈತೆ ಕಾಣ್ತಿಲ್ವೇನಮ್ಮ? ಗಾಳಿ ಚೆನ್ನಾಗೈತೆ. ಹಗ್ಗ ಬುಡು."

"ದೀಪಕ್ಕೆ ಚೆನ್ನಾಗೈತೆ ಕಣಪ್ಪ. ನಿಂಗಲ್ಲ."

ಅವನು ಕೈ ಎತ್ತುತ್ತಾನೆ, ಹೊಡೆಯುವುದಿಲ್ಲ. ಬದಲಿಗೆ, "ನಿನ್ನ ತಮ್ಮನ್ನ ಬಾವಿಗೆ ಕೊಟ್ಟೋಳು ನೀನು. ಈಗ ನಮ್ಮಣ್ಣನ್ನೂ ಕೊಡ್ಸಕ್ ಬಂದಿದ್ದೀಯ" ಅನ್ನುತ್ತಾನೆ. ಬೀರಕ್ಕ ಹಗ್ಗದ ಮೇಲಿಂದ ಏಳುವುದಿಲ್ಲ.

ಅವಳ ಬೆನ್ನ ಹಿಂದೆ ಗಂಡ ನರಸಿಂಹಪ್ಪ ಟ್ರ್ಯಾಕ್ಟರಿನಿಂದ ಒಂದು ಯಂತ್ರ ಇಳಿಸಿ ನಿಲ್ಲಿಸಿದ್ದಾನೆ. ಕಡಲೆಕಾಯಿ ತೂರುವ ಫ್ಯಾನು ಅದು. ಕೈಯಲ್ಲಿ ಹಿಡಿ ತಿರುಗಿಸಿದರೆ ರೆಕ್ಕೆ ತಿರುಗುತ್ತದೆ, ಹೊಟ್ಟು ಹಾರುತ್ತದೆ. ಇಲ್ಲಿನ ಪ್ರತಿ ಊರಿನಲ್ಲೂ ಇಂಥದ್ದು ಒಂದೆರಡಾದರೂ ಇದೆ. ಇದರ ಬಾಯಿಗೆ ಮಾತ್ರ ಬಿಳಿಯ ಉದ್ದ ಕೊಳವೆಯೊಂದನ್ನು ಬಿಗಿದು ಕಟ್ಟಲಾಗಿದೆ. ಗೊಬ್ಬರದ ಚೀಲಗಳ ತಳ ಕತ್ತರಿಸಿ, ಒಂದಕ್ಕೊಂದು ಹೊಲಿದು ಬೀರಕ್ಕ ಮಾಡಿದ ಅರವತ್ತು ಅಡಿಯ ಕೊಳವೆ. ತುದಿಗೆ ಕಲ್ಲು ಕಟ್ಟಿ ಅದನ್ನು ಬಾವಿಯ ತಳಕ್ಕೆ ಬಿಟ್ಟು ಫ್ಯಾನು ತಿರುಗಿಸಿದರೆ ಮೇಲಿನ ಗಾಳಿ ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆದ್ದು ಬರುತ್ತದೆ. ಮುನ್ನೂರು ಸುತ್ತು ತಿರುಗುವವರೆಗೆ ಯಾರೂ ಇಳಿಯಬಾರದು ಎನ್ನುವುದು ತಂಡದ ನಿಯಮ. ಮುನ್ನೂರು ಸುತ್ತಿಗೆ ಐದು ನಿಮಿಷ ಹಿಡಿಯುತ್ತದೆ. ಹೆತ್ತವರಿಗೆ, ಒಡಹುಟ್ಟಿದವರಿಗೆ ಆ ಐದು ನಿಮಿಷ ಎಷ್ಟು ಉದ್ದ ಎಂದು ಬೀರಕ್ಕನಿಗೆ ಬೇರೆಯವರು ಹೇಳಬೇಕಾಗಿಲ್ಲ.

ಕೊಂಡಪ್ಪನ ತಾಯಿ ಮುತ್ಯಾಲಮ್ಮ ನೆಲಕ್ಕೆ ಬಿದ್ದು ಅಳುತ್ತಿದ್ದಾಳೆ. ಬೀರಕ್ಕ ಕೂತಲ್ಲಿಂದಲೇ ಅವಳನ್ನು ಕರೆಯುತ್ತಾಳೆ. "ಅತ್ರೆ ಅವನ್ಗೆ ಗಾಳಿ ಹೋಗಕಿಲ್ಲ ಕಣಮ್ಮ. ಬಾ, ಇದನ್ನ ತಿರುಗ್ಸು." ಮುದುಕಿ ಎದ್ದು ಬಂದು ಹಿಡಿಗೆ ಕೈ ಹಾಕುತ್ತಾಳೆ. ನರಸಿಂಹಪ್ಪ ಜೊತೆಗೆ ಕೈ ಕೊಡುತ್ತಾನೆ. ಈವರೆಗೆ ಬೈಯುತ್ತಿದ್ದ ಗುಂಪಿನಲ್ಲಿ ಯಾರೋ ತೆಲುಗಿನಲ್ಲಿ ಸುತ್ತು ಎಣಿಸಲು ಶುರುಮಾಡುತ್ತಾರೆ. ಇನ್ನೂರರ ಹೊತ್ತಿಗೆ ಎಲ್ಲರೂ ಎಣಿಸುತ್ತಿದ್ದಾರೆ.

ಮುನ್ನೂರಕ್ಕೆ ಓಬುಳೇಶ್ ಇಳಿಯುತ್ತಾನೆ. ನರಸಿಂಹಪ್ಪನ ಅಕ್ಕನ ಮಗ, ಇಪ್ಪತ್ತೇಳು ವರ್ಷ, ಕುರಿ ಕಾಯುವವನು. ಇಳಿದವನು ಬಾಯಿ ಮುಚ್ಚಬಾರದು, ಇದು ಇನ್ನೊಂದು ನಿಯಮ. ಏನಾದರೂ ಮಾತಾಡುತ್ತಲೇ ಇರಬೇಕು. ಮೂರು ಉಸಿರಿನಷ್ಟು ಹೊತ್ತು ದನಿ ನಿಂತರೆ, ಏನು ಎತ್ತ ಕೇಳದೆ ಹಗ್ಗ ಎಳೆಯಬೇಕು. ಓಬುಳೇಶ್ ಮಾವನನ್ನು ಬೈಯುತ್ತ ಇಳಿಯುವುದನ್ನು ರೂಢಿ ಮಾಡಿಕೊಂಡಿದ್ದಾನೆ.

"ಮಾವಾ, ನಿನ್ನ ಫ್ಯಾನೂ ನಿನ್ನಂಗೇ ಕೆಮ್ಮುತೈತಲ್ಲ, ಅದ್ಕೂ ಬೀಡಿ ಸೇದಿಸ್ತೀಯೇನು?" ಎಂಬ ದನಿ ಬಾವಿಯೊಳಗಿಂದ ದುಂಡಗಾಗಿ ಮೇಲೆ ಬರುತ್ತದೆ. ಮೇಲೆ ಯಾರೂ ನಗುವುದಿಲ್ಲ. ಬೀರಕ್ಕ ತಲೆ ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಾಳೆ. ಹಗ್ಗ ಅವಳ ಅಂಗೈಗಳ ನಡುವೆ ಅಂಗುಲ ಅಂಗುಲವಾಗಿ ಜಾರುತ್ತಿದೆ. ಮಾವನ ಮದುವೆ, ಮಾವನ ಹಲ್ಲು, ಮಾವ ಕಲ್ಯಾಣದುರ್ಗದ ಸಂತೆಯಲ್ಲಿ ಕೊಂಡು ತಂದ ಕುಂಟು ಟಗರು, ಒಂದೊಂದೇ ಬೈಗುಳಕ್ಕೆ ಸಿಗುತ್ತವೆ. ಕೊನೆಗೆ, "ಅತ್ತೇ, ಉಸಿರೈತೆ. ಗಂಟು ಹಾಕ್ತಾ ಇವ್ನಿ, ಹಾಕ್ತಾ ಇವ್ನಿ, ಹಾಕ್ದೆ. ಎಳೀರಿ."

ಕೊಂಡಪ್ಪ ಬದುಕಿದ್ದಾನೆ. ರಸ್ತೆಯಲ್ಲಿ ಬಂದು ನಿಂತಿದ್ದ ಆಂಬುಲೆನ್ಸ್ ಅವನನ್ನು ಕಲ್ಯಾಣದುರ್ಗಕ್ಕೆ ಕರೆದೊಯ್ಯುತ್ತದೆ. ಕೈ ಎತ್ತಿದ್ದ ತಮ್ಮ ಬೀರಕ್ಕನ ಕಡೆ ನೋಡದೆ ಗಾಡಿ ಹತ್ತುತ್ತಾನೆ. ಅವಳು ಕೊಳವೆ ಸುತ್ತುತ್ತಾಳೆ. ಏಳೂವರೆಗೆ ಅವಳು ಬೇರೊಬ್ಬರ ಹೊಲದಲ್ಲಿ ಕೂಲಿಗೆ ಇರಬೇಕು.

ಮಾರನೆಯ ದಿನದ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಅಧಿಕಾರಿಗಳು ತಕ್ಷಣ ಕ್ರಮ ಕೈಗೊಂಡು ಸಾರ್ವಜನಿಕರ ನೆರವಿನಿಂದ ರೈತನನ್ನು ರಕ್ಷಿಸಿದರಂತೆ. ಅಧಿಕಾರಿಗಳು ಬಂದದ್ದು ಒಂಬತ್ತು ಗಂಟೆಗೆ. ಆಗ ಬಾವಿಯ ಹತ್ತಿರ ಇದ್ದದ್ದು ಎರಡು ಮೇಕೆ.

* * *

ಬೀರಕ್ಕನ ಅಪ್ಪ ಬಾವಿ ತೋಡುವವನು. ಬೋರ್‌ವೆಲ್ ಲಾರಿಗಳು ಬರುವ ಮುಂಚೆ ಈ ಕಡೆಯ ಊರೂರಿಗೂ ಅವನ ಗುಂಪು ಹೋಗುತ್ತಿತ್ತು. ಅಪ್ಪ ಕೆಳಗೆ ಬಂಡೆ ಒಡೆಯುವಾಗ ಬೀರಕ್ಕ ಮತ್ತು ತಮ್ಮ ಕೇಶವ ಮೇಲೆ ಕೂತು ಮಣ್ಣಿನ ಮಕ್ಕರಿ ಎಳೆದು ಸುರಿಯುತ್ತಿದ್ದರು. ಹಾಳುಬಾವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುವುದನ್ನು, ದೀಪ ಆರಿದರೆ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡುವುದನ್ನು ಅಪ್ಪನೇ ಕಲಿಸಿದ್ದು. ಬಾವಿ ತೋಡುವ ಕೆಲಸ ನಿಂತುಹೋದರೂ ಬಾವಿಗೆ ಬೀಳುವುದು ನಿಲ್ಲಲಿಲ್ಲ. ಇಳಿಯಲು ಬರುವವರು ಬೇರೆ ಯಾರೂ ಇಲ್ಲದ್ದರಿಂದ ಜನ ಈ ಮನೆಗೇ ಬಂದರು. ಆಮೇಲೆ ಸರ್ಕಾರಿ ಕಚೇರಿಯವರೂ ಇವರನ್ನೇ ಕರೆಯತೊಡಗಿದರು. ಸುಮಾರು ತೊಂಬತ್ತೆಂಟರಿಂದ ಇದು ತಂಡವಾಯಿತು. ಕಚೇರಿಯ ಕಾಗದದಲ್ಲಿ ಇವರು 'ಸ್ವಯಂಸೇವಕರು'. ಅಂದರೆ ಕರೆದಾಗ ಬರಬೇಕಾದವರು, ಕೇಳಲು ಏನೂ ಇಲ್ಲದವರು.

ಆ ಕಚೇರಿ ಯಾವುದು, ಯಾವ ಊರಿನದು ಎಂದು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿ ಎಂದವಳು ಬೀರಕ್ಕನೇ. ನಾಳೆ ಯಾರಾದರೂ ಬಾವಿಗೆ ಬಿದ್ದರೆ ಕಚೇರಿಯವರು ಸಿಟ್ಟಿನಿಂದ ಇವಳಿಗೆ ಫೋನು ಮಾಡದೆ ಬಿಟ್ಟಾರು ಎಂಬ ಭಯ ಅವಳದು. ತನಗಾದ ಅನ್ಯಾಯ ಹೇಳುವಾಗಲೂ ಬೀಳಬಹುದಾದ ಅಪರಿಚಿತನನ್ನು ನೆನೆಯುವ ಇಂಥ ಮನುಷ್ಯರ ಮೇಲೆಯೇ ನಮ್ಮ ಕಚೇರಿಗಳು ನಿಶ್ಚಿಂತೆಯಾಗಿ ಕೂತಿವೆ.

ಆಗಿನಿಂದ ಈ ಹತ್ತು ವರ್ಷಗಳಲ್ಲಿ ತಂಡ ಇಳಿದದ್ದು ಎಪ್ಪತ್ತೊಂದು ಬಾವಿಗೆ. ಜೀವಂತವಾಗಿ ಮೇಲೆ ಬಂದವರು ಹದಿನಾರು ಜನ, ಕೊಂಡಪ್ಪನೂ ಸೇರಿ. ಉಳಿದವರ ಹೆಣ ಬಂದಿದೆ. ಒಮ್ಮೆ ಎಮ್ಮೆ ಎತ್ತಿದ್ದಾರೆ. ಎಮ್ಮೆ ಎತ್ತಿದ ದಿನ ಮಾತ್ರ ಊಟ ಹಾಕಿದರು ಎಂದು ನರಸಿಂಹಪ್ಪ ನಗುತ್ತಾನೆ.

ಈ ಲೆಕ್ಕದಲ್ಲಿ ಕೇಶವ ಸೇರಿಲ್ಲ. ಅವನು ಬಿದ್ದವನಲ್ಲ, ಇಳಿದವನು.

ಎರಡು ಸಾವಿರದ ಮೂರನೇ ಇಸವಿ, ಬೇಸಿಗೆ. ಊರಿನ ಎಸ್‌ಟಿಡಿ ಬೂತಿಗೆ ಕಚೇರಿಯಿಂದ ಫೋನು ಬಂತು. ಮೂರು ಮೈಲಿ ಆಚೆ ಬಾವಿಯಲ್ಲಿ ಯಾರೋ ಬಿದ್ದಿದ್ದಾರೆ, ಬೇಗ ಹೋಗಿ ಎಂದರು. ಹೋದರು. ಅಲ್ಲಿಯೂ ಬಾವಿಯೊಳಗಿನ ಕಟ್ಟೆಯ ಮೇಲೆ ಇಂಜಿನ್ನು. ಬೀರಕ್ಕ ಎಂದಿನಂತೆ ದೀಪ ಬಿಟ್ಟಳು. ದೀಪ ನೆಟ್ಟಗೆ ಉರಿಯಿತು. ಇಳಿ ಎಂದು ತಮ್ಮನಿಗೆ ಹೇಳಿದವಳು ಅವಳೇ.

"ಅರ್ಧಕ್ಕೆ ಹೋದ್ಮೇಲೆ, ಅಕ್ಕಾ ತಲೆ ಭಾರ ಆಗ್ತೈತೆ ಅಂದ. ಬೆಳಿಗ್ಗೆ ಏನೂ ಉಂಡಿರ್ನಿಲ್ಲ. ಅದ್ಕೇ ಅಂದ್ಕೊಂಡೆ. ದೀಪ ಉರೀತೈತೆ, ಹೋಗಪ್ಪ ಅಂದೆ. ಆಮೇಲೆ ಸುಮ್ಕಾದ. ಗಂಟು ಹಾಕ್ತಾವ್ನೆ ಅಂದ್ಕೊಂಡೆ. ಗಂಟು ಹಾಕೋವಾಗ ಅವನು ಯಾವಾಗ್ಲೂ ಸುಮ್ಕೇ ಇರ್ತಿದ್ದ ಕಣಪ್ಪ. ಎಷ್ಟೊತ್ತು ಕಾದೆ ಅಂತ ನಂಗೆ ಗೊತ್ತಿಲ್ಲ."

ಇದನ್ನು ಹೇಳುವಾಗ ಅವಳ ದನಿ ಏರುವುದಿಲ್ಲ, ಇಳಿಯುವುದಿಲ್ಲ. ಬಾವಿಯ ದಂಡೆಯಲ್ಲಿ ಕೂತು ಮೌನ ಕೇಳುವುದನ್ನು ಅವಳು ಆ ದಿನ ಕಲಿತಳು. ಒಂದು ಮೌನ ಗಂಟು ಹಾಕುವುದು, ಇನ್ನೊಂದು ಸಾಯುವುದು. ಹೊರಗೆ ಕೂತವರಿಗೆ ಎರಡೂ ಒಂದೇ ರೀತಿ ಕೇಳುತ್ತವೆ. ಆ ಕಾರಣಕ್ಕೇ ಈಗ ಓಬುಳೇಶ್ ಗಂಟು ಹಾಕುವಾಗಲೂ ಹಾಕ್ತಾ ಇವ್ನಿ ಎಂದು ಹೇಳುತ್ತಿರಬೇಕು.

ವಿಚಾರಣೆಯಲ್ಲಿ ಅವಳನ್ನು ಕೇಳಿದ ಮೊದಲ ಪ್ರಶ್ನೆ, ಇಳಿಯಲು ಹೇಳಿದವರು ಯಾರು ಎಂಬುದು. ಫೋನು ಮಾಡಿದ ವ್ಯಕ್ತಿ ಎದುರಿನ ಕುರ್ಚಿಯಲ್ಲಿ ಕೂತು ಫೈಲಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. ನಾನೇ ಹೇಳಿದೆ ಎಂದು ಬೀರಕ್ಕ ಉತ್ತರಿಸಿದಳು, ಅದು ನಿಜವೇ ಆಗಿತ್ತು. ವರದಿಯಲ್ಲಿ ಕೇಶವ ಸ್ವಂತ ಇಚ್ಛೆಯಿಂದ, ಎಚ್ಚರಿಕೆ ಇಲ್ಲದೆ ಬಾವಿಗೆ ಇಳಿದು ಸತ್ತ ಎಂದು ಬರೆದರು. ಮೂರು ವರ್ಷ ಅವಳು ತಪ್ಪು ತನ್ನದೇ ಎಂದು ನಂಬಿಕೊಂಡು ಬದುಕಿದಳು. ದೀಪ ಯಾಕೆ ಮೋಸ ಮಾಡಿತು ಎಂದು ಅವಳಿಗೆ ಹೇಳಿದವರಿಲ್ಲ. ತಾನು ದೀಪವನ್ನು ಸರಿಯಾಗಿ ನೋಡಲಿಲ್ಲವೇನೋ, ಕೊನೆಯಲ್ಲಿ ಕುಡಿ ಸಣ್ಣದಾಗಿತ್ತೇನೋ ಎಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಅದನ್ನು ಬಾವಿಗೆ ಇಳಿಸಿ ನೋಡುತ್ತಿದ್ದಳು.

* * *

ಉತ್ತರ ಸಿಕ್ಕಿದ್ದು ಹಿಂದೂಪುರದಲ್ಲಿ, ಎರಡು ಸಾವಿರದ ಆರರಲ್ಲಿ.

ಅಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಸ್ವಯಂಸೇವಕರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಲೇಪಾಕ್ಷಿ, ಗೋರಂಟ್ಲ ಕಡೆಯ ತಂಡಗಳೂ ಬಂದಿದ್ದವು. ಬೀರಕ್ಕನ ತಂಡ ಹಿಂದಿನ ಸಂಜೆಯೇ ಬಸ್ಸು ಹಿಡಿದು ಹೊರಟಿತ್ತು. ಬೆಳಿಗ್ಗೆಯೆಲ್ಲ ಭಾಷಣ, ಮಧ್ಯಾಹ್ನ ಊಟ. ಊಟದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಹೇಳಿಕೊಡಲು ಹರಿತಾ ಎಂಬ ನರ್ಸ್ ಬಂದಿದ್ದಳು. ಅಧಿಕಾರಿಯೊಬ್ಬರು ಅವಳ ಕೈಗೆ ಕಾಗದದ ಒಂದು ಕಟ್ಟು ಕೊಟ್ಟು, ಸಮಯ ಉಳಿದರೆ ಇದನ್ನೂ ಓದಿಬಿಡಿ ಎಂದು ಹೇಳಿ ಹೋದರು.

ಸಮಯ ಉಳಿಯಿತು. ಕಾಗದ ಇಂಗ್ಲಿಷಿನಲ್ಲಿತ್ತು. ಹರಿತಾ ಒಂದೊಂದೇ ಸಾಲು ಓದಿ ತೆಲುಗಿನಲ್ಲೂ ಕನ್ನಡದಲ್ಲೂ ಹೇಳುತ್ತ ಹೋದಳು. ಮೂರನೇ ಹಾಳೆಯಲ್ಲಿ ಬಾವಿಗಳ ವಿಷಯ ಬಂತು. ಇಂಜಿನ್ ಓಡಿದ ಬಾವಿಯಲ್ಲಿ ಹೊಗೆಯ ವಿಷ ತಳದಲ್ಲಿ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ವಿಷ ದೀಪವನ್ನು ಆರಿಸುವುದಿಲ್ಲ, ಮನುಷ್ಯನನ್ನು ಮಾತ್ರ ಮಲಗಿಸುತ್ತದೆ. ಆದ್ದರಿಂದ ಇಂಜಿನ್ ಇರುವ ಬಾವಿಗಳಲ್ಲಿ ದೀಪದ ಪರೀಕ್ಷೆಯನ್ನು ನಂಬಬಾರದು. ಮೊದಲು ಗಾಳಿ ಹಾಯಿಸಬೇಕು.

ಇಷ್ಟೇ. ಆರು ಸಾಲು.

ಹರಿತಾ ಈಗಲೂ ಹಿಂದೂಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಾಳೆ. ಆ ಮಧ್ಯಾಹ್ನವನ್ನು ನೆನೆದು ಹೇಳುತ್ತಾಳೆ. ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳಂತೆ. ಅಳುತ್ತಿರಲಿಲ್ಲ. ಸಂಶಯ ಕೇಳುವ ವಿದ್ಯಾರ್ಥಿಯ ಹಾಗೆ ಕೈ ಎತ್ತಿದ್ದಳು.

"ಆ ಕಾಗದ ಯಾವಾಗ್ಲದು ಕಣಮ್ಮ?"

ಹರಿತಾ ಹಾಳೆ ತಿರುಗಿಸಿ ಮೇಲಿನ ತಾರೀಖು ಓದಿದಳು. ಅಕ್ಟೋಬರ್ ಎರಡು ಸಾವಿರದ ಒಂದು. ಯಾಕೆ ಕೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೆಂಗಸು ಬೆರಳು ಮಡಿಸಿ ಏನೋ ಎಣಿಸಿಕೊಂಡು ಕೂತಳು. ಪಕ್ಕದಲ್ಲಿದ್ದ ಗಂಡ ಅವಳ ಮೊಣಕೈ ಹಿಡಿದುಕೊಂಡ.

ಕಾಗದ ಬಂದದ್ದು ಕೇಶವ ಸಾಯುವ ಒಂದೂವರೆ ವರ್ಷ ಮೊದಲು. ಆ ಒಂದೂವರೆ ವರ್ಷದಲ್ಲಿ ಕಚೇರಿ ಬೀರಕ್ಕನ ತಂಡವನ್ನು ಹನ್ನೊಂದು ಬಾರಿ ಕರೆದಿದೆ. ಹನ್ನೊಂದು ಬಾರಿ ಯಾರೋ ಫೋನು ಎತ್ತಿ, ಇಂಥ ಊರಿನ ಇಂಥ ಬಾವಿಗೆ ಹೋಗಿ ಎಂದಿದ್ದಾರೆ. ಆ ಹನ್ನೊಂದರಲ್ಲಿ ಒಂದು ಸಲವಾದರೂ ಆ ಆರು ಸಾಲು ಸೇರಿಸಲು ಒಬ್ಬರಿಗೂ ತೋಚಲಿಲ್ಲ. ಹಣ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ, ಮೇಲಿನವರ ಮಂಜೂರಾತಿಯೂ ಬೇಕಿರಲಿಲ್ಲ. ಬಾಯಿ ತೆರೆದರೆ ಸಾಕಿತ್ತು. ಬಾವಿಯ ಮೌನದ ಬಗ್ಗೆ ಬೀರಕ್ಕ ತನ್ನನ್ನು ತಾನು ಮೂರು ವರ್ಷ ಶಿಕ್ಷಿಸಿಕೊಂಡಳು. ಆ ಕಾಗದ ಇಟ್ಟಿದ್ದ ಕಪಾಟಿನ ಮೌನದ ಬಗ್ಗೆ ಯಾರೂ ಯಾರನ್ನೂ ಒಂದು ಪ್ರಶ್ನೆ ಕೇಳಲಿಲ್ಲ.

ಆ ಸಂಜೆ ಅಧಿಕಾರಿಯನ್ನು ಹರಿತಾಳೇ ಕೇಳಿದಳು. ಎಲ್ಲ ತಂಡಗಳಿಗೂ ಕಳಿಸಿದ್ದೆವು, ತಲುಪಿರಬೇಕು ಎಂದರಂತೆ. ಇಂಗ್ಲಿಷಿನಲ್ಲಿ ಕಳಿಸಿದಿರಾ ಎಂದು ಕೇಳಿದ್ದಕ್ಕೆ ಕಾರು ಬಂತು ಎಂದು ಎದ್ದರಂತೆ.

ಹಿಂದೂಪುರದಿಂದ ಬಂದ ಮೂರನೇ ದಿನ ಬೀರಕ್ಕ ಗೊಬ್ಬರದ ಚೀಲ ಹೊಲಿಯಲು ಕೂತಳು. ಗಾಳಿ ಹಾಯಿಸಬೇಕು ಎಂದು ಕಾಗದ ಹೇಳಿತ್ತು, ಯಾವುದರಿಂದ ಎಂದು ಹೇಳಿರಲಿಲ್ಲ. ಕಡಲೆಕಾಯಿ ಫ್ಯಾನಿನ ಉಪಾಯ ನರಸಿಂಹಪ್ಪನದು. ಮೊದಲ ಕೊಳವೆಯ ಹೊಲಿಗೆಯ ಸಂದಿನಲ್ಲೆಲ್ಲ ಗಾಳಿ ಸೋರಿತು. ಎರಡನೆಯದು ಕಲ್ಲಿನ ಚೂಪಿಗೆ ಹರಿಯಿತು. ಈಗಿರುವುದು ಮೂರನೆಯದು. ಹಾಳುಬಿದ್ದ ಬಾವಿಯೊಂದರ ತಳದಲ್ಲಿ ಹೊಟ್ಟು ಹರಡಿ, ಎಷ್ಟು ಸುತ್ತಿಗೆ ಹೊಟ್ಟು ಹಾರಿ ಮೇಲೆ ಬರುತ್ತದೆ ಎಂದು ನೋಡಿ ಮುನ್ನೂರು ಎಂದು ಗೊತ್ತುಮಾಡಿಕೊಂಡರು. ಇಷ್ಟು ಬುದ್ಧಿಯ ಕೆಲಸ ಯಾವುದಾದರೂ ಕಾಲೇಜಿನಲ್ಲಿ ನಡೆದಿದ್ದರೆ ಅದಕ್ಕೊಂದು ಹೆಸರು, ಒಂದು ಫೋಟೋ ಇರುತ್ತಿತ್ತು.

ಕೂಲಿ ಸಿಗದ ದಿನಗಳಲ್ಲಿ ಬೀರಕ್ಕ ಇನ್ನೊಂದು ಕೆಲಸ ಮಾಡುತ್ತಾಳೆ. ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಬಸ್ಸು ಹತ್ತಿ, ಇಂಜಿನ್ ಬಾವಿ ಎಲ್ಲಿದೆ ಎಂದು ಕೇಳಿಕೊಂಡು ಹೋಗಿ, ಅದರ ದಂಡೆಯ ಮೇಲೆ 'ದೀಪ ನಂಬಬೇಡಿ, ಗಾಳಿ ಹಾಕಿ' ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬರೆಯುತ್ತಾಳೆ. ಅವಳು ಓದಿದ್ದು ಎರಡನೇ ತರಗತಿ. ಹರಿತಾ ಬರೆದುಕೊಟ್ಟ ಹಾಳೆಯನ್ನು ನೋಡಿಕೊಂಡು ರಂಗೋಲಿ ಬಿಡಿಸುವ ಹಾಗೆ ಬಿಡಿಸುತ್ತಾಳೆ. ಈವರೆಗೆ ನೂರ ಹದಿನೆಂಟು ಬಾವಿಗಳಾಗಿವೆ, ಅದರಲ್ಲಿ ಇಪ್ಪತ್ತು ಹಿಂದೂಪುರ, ಲೇಪಾಕ್ಷಿ ಕಡೆಯವು. ಮಾಟ ಮಾಡುತ್ತಿದ್ದಾಳೆ ಎಂದು ಒಂದೂರಿನಲ್ಲಿ ಓಡಿಸಿದ್ದಾರೆ. ಕೊಂಡಪ್ಪನ ಬಾವಿಗೆ ಅವಳು ಇನ್ನೂ ಹೋಗಿರಲಿಲ್ಲ.

ಈ ಪತ್ರಿಕೆಗೆ ಒಂದು ಫೋಟೋ ಬೇಕೆಂದಾಗ ಅವಳು ಒಪ್ಪಲಿಲ್ಲ. "ನನ್ನ ಮುಖ ನೋಡಿ ಯಾರು ಏನ್ ಕಲೀತಾರೆ? ಅಷ್ಟು ಜಾಗದಾಗೆ ಆ ಎರಡು ಮಾತು ದಪ್ಪುಕ್ಕೆ ಹಾಕ್ಬುಡ್ರಿ." ಆದ್ದರಿಂದ ಈ ಪುಟದಲ್ಲಿ ಅವಳ ಚಿತ್ರವಿಲ್ಲ. ಓದುವವರ ಊರಿನಲ್ಲಿ ಇಂಜಿನ್ ಬಾವಿ ಇದ್ದರೆ, ಆ ಎರಡು ಮಾತನ್ನು ಪಕ್ಕದ ಮನೆಯವರಿಗೂ ಹೇಳಿ.

* * *

ಕಳೆದ ವರ್ಷ ಹರಿತಾ ಮಾಹಿತಿ ಹಕ್ಕಿನ ಅರ್ಜಿ ಹಾಕಿದಳು. ಎರಡು ಸಾವಿರದ ಒಂದರ ಆ ಕಾಗದವನ್ನು ಯಾವ ತಂಡಕ್ಕೆ, ಯಾವ ದಿನ, ಯಾವ ಭಾಷೆಯಲ್ಲಿ ಕೊಟ್ಟಿರಿ, ಪಡೆದವರ ಸಹಿ ಎಲ್ಲಿದೆ ಎಂಬ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದ ಗಡುವು ಹತ್ತಿರ ಬಂದಾಗ, ಮೊದಲ ಬಾರಿಗೆ ಕಚೇರಿ ಬೀರಕ್ಕನ ಮನೆಗೆ ಬಂತು.

ಬಂದವರು ಒಬ್ಬ ಗುಮಾಸ್ತರು, ಒಳ್ಳೆಯ ಮಾತಿನವರು. ಚಾಪೆಯ ಮೇಲೆ ಕೂತು ಮಜ್ಜಿಗೆ ಕುಡಿದರು. ಎರಡು ಕಾಗದ ತಂದಿದ್ದರು. ಒಂದರಲ್ಲಿ ತೆಲುಗು ಮತ್ತು ಕನ್ನಡದಲ್ಲಿ ಅಚ್ಚಾಗಲು ಸಿದ್ಧವಾದ ಕರಪತ್ರ. ಇಂಜಿನ್ ಬಾವಿಯ ಆರು ಸಾಲು, ದೊಡ್ಡ ಅಕ್ಷರದಲ್ಲಿ. ಐದು ಸಾವಿರ ಪ್ರತಿ ಅಚ್ಚು ಹಾಕಿಸಿ ಊರೂರಿಗೆ ಹಂಚುತ್ತೇವೆ, ಡಂಗುರ ಸಾರಿಸುತ್ತೇವೆ ಎಂದರು. ಇನ್ನೊಂದು ಕಾಗದದಲ್ಲಿ, ಸದರಿ ಎಚ್ಚರಿಕೆಯನ್ನು ನಮ್ಮ ತಂಡ ಎರಡು ಸಾವಿರದ ಎರಡನೇ ಇಸವಿಯಲ್ಲಿಯೇ ಓದಿಸಿಕೊಂಡು ತಿಳಿದುಕೊಂಡಿದೆ ಎಂದು ಬರೆದಿತ್ತು. ಕೆಳಗೆ ಐದು ಹೆಸರಿಗೆ ಜಾಗ. ಮೊದಲನೆಯದು ಬೀರಕ್ಕನದು. ಎರಡನೆಯದು ಕೇಶವನದು. ಅವನ ಹೆಸರಿನ ಮುಂದೆ 'ದಿವಂಗತ' ಎಂದಿತ್ತು.

ಇದಕ್ಕೆ ಸಹಿ ಹಾಕಿದ ಕೂಡಲೇ ಕರಪತ್ರ ಅಚ್ಚಿಗೆ ಹೋಗುತ್ತದೆ ಎಂದು ಗುಮಾಸ್ತರು ಹೇಳಿದರು. ಅದರ ಅರ್ಥವನ್ನು ಅವರು ಬಿಡಿಸಿ ಹೇಳಲಿಲ್ಲ. ಬೀರಕ್ಕನಿಗೆ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಸಹಿ ಹಾಕಿದರೆ ಕೇಶವನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಸೊಕ್ಕಿನಿಂದ ಇಳಿದ ಎಂದಾಗುತ್ತದೆ. ಅವನನ್ನು ಬಾವಿಗೆ ಇಳಿಸಿದವಳಿಗೂ ಎಲ್ಲ ಗೊತ್ತಿತ್ತು ಎಂದಾಗುತ್ತದೆ. ಹಾಕದಿದ್ದರೆ ಕರಪತ್ರವಿಲ್ಲ. ಯಾವುದೋ ಊರಿನ ಯಾವುದೋ ತಮ್ಮ ನಾಳೆ ಬೆಳಿಗ್ಗೆ ಉರಿಯುವ ದೀಪ ನೋಡಿ ಇಳಿಯುತ್ತಾನೆ.

ಜನರ ಜೀವ ಉಳಿಸುವ ಆರು ಸಾಲನ್ನು ಹೇಳಲು ಒಂದು ಸರ್ಕಾರಿ ಕಚೇರಿ ಸತ್ತವನ ಮೇಲೆ ಸುಳ್ಳನ್ನು ಬೆಲೆಯಾಗಿ ಕೇಳಿತು. ಕೇಳಿದ ಆ ಗುಮಾಸ್ತರು ಏಳುವಾಗ, ಮಜ್ಜಿಗೆ ಚೆನ್ನಾಗಿದೆ ಎಂದರಂತೆ.

ನರಸಿಂಹಪ್ಪ ಸಹಿ ಹಾಕು ಎಂದ. ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟರು. ಅವನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಸತ್ತವನು ಸತ್ತ, ಅವನ ಹೆಸರಿಗೆ ಮಸಿ ಬಿದ್ದರೆ ಅವನಿಗೆ ನೋವಾಗದು, ಆದರೆ ಐದು ಸಾವಿರ ಕಾಗದದಲ್ಲಿ ಐದು ಜೀವವಾದರೂ ಉಳಿದಾವು ಎಂದು ಅವನು ಹೇಳುತ್ತಿದ್ದ. "ನೀನು ಒಬ್ಳೇ ಸುಣ್ಣದ ಡಬ್ಬಿ ಹಿಡ್ಕೊಂಡು ಎಷ್ಟು ಬಾವಿ ತಿರುಗ್ತೀಯೇ? ಕೇಶವ ನಂಗೂ ಬಾಮೈದನೇ ಅಲ್ವಾ" ಎಂದು ಕೇಳಿದ. ಬೀರಕ್ಕ ಅವನಿಗೆ ಮುದ್ದೆ ಇಕ್ಕಿ ಎದ್ದು ಹೋದಳು. ತಂಡದ ಉಳಿದಿಬ್ಬರು ಅಕ್ಕ ಹೇಳಿದಂತೆ ಎಂದರು. ಬಾವಿಯೊಳಗೆ ಬಾಯಿ ಮುಚ್ಚದ ಓಬುಳೇಶ್ ಆ ಎರಡು ದಿನ ಅತ್ತೆಯ ಮುಖವನ್ನಷ್ಟೇ ನೋಡುತ್ತಿದ್ದ.

ಮೂರನೇ ದಿನ ಗುಮಾಸ್ತರು ಮತ್ತೆ ಬಂದಾಗ ಬೀರಕ್ಕ ಕಾಗದ ಹಿಂದಕ್ಕೆ ಕೊಟ್ಟಳು. ಕರಪತ್ರದ ಹಾಳೆಯನ್ನು ಮಾತ್ರ ಕೊಡಲಿಲ್ಲ. ಅದನ್ನು ಈಗ ಕಲ್ಯಾಣದುರ್ಗದಲ್ಲಿ ಜೆರಾಕ್ಸ್ ಮಾಡಿಸುತ್ತಾಳೆ, ಒಮ್ಮೆಗೆ ಇಪ್ಪತ್ತು ಹಾಳೆ. ಕೆಳಗಿರುವ ಕಚೇರಿಯ ಹೆಸರಿನ ಮೇಲೆ ಅಂಗಡಿಯವನು ಬಿಳಿ ಕಾಗದ ಮುಚ್ಚಿ ತೆಗೆಯುತ್ತಾನೆ. ಅವು ಐದು ಸಾವಿರವಾಗಲು ಎಷ್ಟು ವರ್ಷ ಬೇಕು ಎಂದು ಅವಳು ಎಣಿಸಿಲ್ಲ. ಹರಿತಾಳ ಅರ್ಜಿಗೆ, ಸಂಬಂಧಪಟ್ಟ ದಾಖಲೆ ಲಭ್ಯವಿಲ್ಲ ಎಂದು ಒಂದು ಸಾಲಿನ ಉತ್ತರ ಬಂದಿದೆ. ಅದನ್ನು ಅವಳು ಬೀರಕ್ಕನಿಗೆ ಫೋನಿನಲ್ಲಿ ಓದಿ ಹೇಳಿದಾಗ ಬೀರಕ್ಕ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. ಲಭ್ಯವಿಲ್ಲ. ಅಂದರೆ ಕೇಶವನಿಗೆ ಗೊತ್ತಿತ್ತು ಎಂದು ಹೇಳುವ ಕಾಗದ ಜಗತ್ತಿನಲ್ಲಿ ಇಲ್ಲ.

ಆದರೂ ಆ ಐದು ಸಾವಿರದ ಪ್ರಶ್ನೆ ಉಳಿದೇ ಇರುತ್ತದೆ. ಅಚ್ಚಾಗದ ಆ ಕರಪತ್ರ ತಲುಪದ ಊರಿನಲ್ಲಿ ಯಾರಾದರೂ ಇಳಿದು ಸತ್ತರೆ, ಸಹಿ ಹಾಕಬೇಕಿತ್ತು ಅನ್ನಿಸುವುದಿಲ್ಲವೇ ಎಂದು ಕೇಳಿದರೆ ಅವಳು ಬಾಗಿಲಾಚೆ ನೋಡುತ್ತಾಳೆ. ಹೊರಗೆ ಓಬುಳೇಶ್ ಕುರಿ ಕೂಡಿಹಾಕುತ್ತಿರುವ ಸದ್ದು ಕೇಳುತ್ತದೆ.

"ಅನ್ನುಸ್ತೈತೆ. ದಿನಾ ಅನ್ನುಸ್ತೈತೆ. ಆದ್ರೆ ನಾಳೆ ಅವನು ಇಳಿಯೋವಾಗ ಹಗ್ಗ ಹಿಡಿಯೋಳು ನಾನೇ ಕಣಪ್ಪ. ಸತ್ತ ತಮ್ಮನ ಮ್ಯಾಲೆ ಸುಳ್ಳಿಗೆ ಸಹಿ ಹಾಕ್ದೋಳ ಕೈಗೆ ಅವನು ಹೆಂಗೆ ಹಗ್ಗ ಕೊಟ್ಟಾನು?"